ಹಳೆಯ ಜಮೀನು ನಕ್ಷೆ ಸ್ಕ್ಯಾನ್ ಮಾಡಿ ಕ್ಯಾಡ್‌ನಲ್ಲಿ ತಿದ್ದುವುದು ಹೇಗೆ? ಗಡಿಭಾಗದವರಿಗೆ ಮಾಹಿತಿ

ಗೂಡಲೂರು, ಮಸಿನಗುಡಿ ಕಡೆಯ ಅನೇಕ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಒಂದು ಮಡಚಿದ ಕಾಗದ ಇರುತ್ತದೆ. ಅಜ್ಜನ ಕಾಲದ್ದು. ನಾಲ್ಕು ಮಡಿಕೆ, ಮಡಿಕೆಯ ಸಾಲಿನಲ್ಲಿ ಹರುಕು, ಒಂದು ಮೂಲೆಯಲ್ಲಿ ಚಹಾದ ಕಲೆ. ಅದರಲ್ಲಿ ಹೊಲದ ಆಕಾರ, ಕಲ್ಲುಗಳ ಗುರುತು, ಸಣ್ಣ ಸಣ್ಣ ಅಂಕಿಗಳು. ಪಾಲು ಮಾಡುವಾಗ, ಬ್ಯಾಂಕಿಗೆ ಹೋಗುವಾಗ, ಮನೆ ಕಟ್ಟಲು ಪ್ಲಾನ್ ಬರೆಸುವಾಗ, ಪಕ್ಕದವರು ಬೇಲಿ ಸರಿಸಿದಾಗ ಆ ಕಾಗದ ಹೊರಗೆ ಬರುತ್ತದೆ. ಈಗ ಅದನ್ನು ಹಿಡಿದು ನೇರ ಕಂಪ್ಯೂಟರ್ ಸೆಂಟರ್‌ಗೆ ಹೋಗುವವರೇ ಹೆಚ್ಚು. "ಇದನ್ನ ಸ್ವಲ್ಪ ಕ್ಲೀನ್ ಮಾಡಿ, ಆಟೋಕ್ಯಾಡ್‌ಗೆ ಹಾಕಿ ಕೊಡಿ" ಎನ್ನುತ್ತಾರೆ.

ಕ್ಲೀನ್ ಮಾಡುವುದು ಸುಲಭ. ಸರಿಯಾಗಿ ಕ್ಲೀನ್ ಮಾಡುವುದು ಅಷ್ಟು ಸುಲಭವಲ್ಲ. ಕಲೆಯ ಜೊತೆ ಒಂದು ಚುಕ್ಕಿ ಅಳಿಸಿಹೋದರೆ ಅಳತೆ ಹತ್ತು ಪಟ್ಟು ಆಗಬಹುದು. ಕೆಲಸ ಮಾಡುವ ಹುಡುಗರಿಗೂ, ಮಾಡಿಸಿಕೊಳ್ಳುವ ರೈತರಿಗೂ ಉಪಯೋಗವಾಗಲಿ ಎಂದು ಈ ಮಾಹಿತಿ.

ನಿಮ್ಮ ಕೈಲಿರುವುದು ಯಾವ ನಕ್ಷೆ?

ಮೊದಲು ಇದನ್ನು ತಿಳಿದುಕೊಳ್ಳಬೇಕು. ನಮ್ಮ ಭಾಗದಲ್ಲಿ ಒಂದೇ ಕುಟುಂಬಕ್ಕೆ ಕಕ್ಕನಹಳ್ಳ ಚೆಕ್‌ಪೋಸ್ಟ್‌ನ ಈಚೆಗೂ ಜಮೀನು, ಆಚೆ ಗುಂಡ್ಲುಪೇಟೆ ಕಡೆಗೂ ಜಮೀನು ಇರುವುದು ಹೊಸತೇನಲ್ಲ. ಎರಡು ರಾಜ್ಯದ ನಕ್ಷೆಗಳ ಲೆಕ್ಕಾಚಾರವೇ ಬೇರೆ.

ತಮಿಳುನಾಡಿನಲ್ಲಿ ಪ್ರತಿ ಸರ್ವೆ ನಂಬರಿಗೆ ಇರುವ ನಕ್ಷೆಯನ್ನು ಎಫ್‌ಎಂಬಿ ಎನ್ನುತ್ತಾರೆ, ಅಂದರೆ ಹೊಲದ ಅಳತೆ ಪುಸ್ತಕ. 1923ರ ಸರ್ವೆ ಮತ್ತು ಗಡಿ ಕಾಯ್ದೆ ಇವತ್ತಿಗೂ ಅಲ್ಲಿನ ಆಧಾರ. ಕರ್ನಾಟಕದಲ್ಲಿ ಇದೇ ಕೆಲಸವನ್ನು ಟಿಪ್ಪಣಿ, ಆಕಾರಬಂದ್, ಗ್ರಾಮ ನಕಾಶೆ ಮಾಡುತ್ತವೆ. ಪಹಣಿಯಲ್ಲಿ ವಿಸ್ತೀರ್ಣ ಮಾತ್ರ ಇರುತ್ತದೆ, ಆಕಾರ ಬೇಕಾದರೆ ಟಿಪ್ಪಣಿಯನ್ನೇ ನೋಡಬೇಕು. ಜಮೀನಿನ ಒಂದು ಭಾಗ ಮಾರುವುದಾದರೆ ಅಲ್ಲಿ 11ಇ ನಕ್ಷೆಯೂ ಬೇಕು.

ಗೂಡಲೂರಿನ ಕಥೆ ಇನ್ನೂ ಒಂದು ಕೈ ಮೇಲೆ. ಈ ಭಾಗ ಮೊದಲು ಮಲಬಾರ್ ಜಿಲ್ಲೆಯ ವಯನಾಡಿಗೆ ಸೇರಿತ್ತು, 1877ರಲ್ಲಿ ನೀಲಗಿರಿಗೆ ಬಂತು. ಜನ್ಮಂ ಜಮೀನುಗಳನ್ನು ರಯತವಾರಿಗೆ ತರುವ ಕಾಯ್ದೆ 1969ರಲ್ಲಿ ಆಯಿತು, ಜಾರಿಗೆ ಬಂದದ್ದು 1974ರಲ್ಲಿ. ಆದ್ದರಿಂದ ಇಲ್ಲಿನ ಹಳೆಯ ಕಾಗದಗಳಲ್ಲಿ ಎಸ್ಟೇಟ್‌ನವರು ತಮಗಾಗಿ ಬರೆಸಿದ ಪ್ಲಾನ್‌ಗಳೂ ಸೇರಿರುತ್ತವೆ, ಸರ್ಕಾರಿ ಸರ್ವೆ ನಕ್ಷೆಗಳೂ ಇರುತ್ತವೆ. ನೋಡಲು ಎರಡೂ ಒಂದೇ ತರಹ. ಆದರೆ ಎಸ್ಟೇಟ್ ಪ್ಲಾನ್‌ಗೆ ಸರ್ವೆ ದಾಖಲೆಯ ತೂಕ ಇಲ್ಲ. ಕಾಗದದ ಮೇಲೆ ಸರ್ವೆ ನಂಬರ್, ಗ್ರಾಮದ ಹೆಸರು, ಇಲಾಖೆಯ ಸಹಿ, ಸ್ಕೇಲ್ ಇವೆಯೇ ನೋಡಿಕೊಳ್ಳಿ.

ಇನ್ನೊಂದು ವಿಷಯ. ಕಾಗದ ಸ್ಕ್ಯಾನ್ ಮಾಡಲು ಓಡುವ ಮೊದಲು ತಮಿಳುನಾಡಿನ ಇ-ಸೇವೆ ವೆಬ್‌ಸೈಟ್‌ನಲ್ಲಿ ನಿಮ್ಮ ಸರ್ವೆ ನಂಬರಿನ ಎಫ್‌ಎಂಬಿ ಸಿಗುತ್ತದೆಯೇ ನೋಡಿ. ರಾಷ್ಟ್ರೀಯ ಮಾಹಿತಿ ಕೇಂದ್ರ ತಯಾರಿಸಿದ ಕೊಲಾಬ್‌ಲ್ಯಾಂಡ್ ಎಂಬ ಸಾಫ್ಟ್‌ವೇರ್ ಬಳಸಿ ಹಳೆಯ ನಕ್ಷೆಗಳನ್ನು ಕಂಪ್ಯೂಟರ್‌ಗೆ ಏರಿಸಿದ್ದಾರೆ. ಅಲ್ಲಿ ಸಿಕ್ಕರೆ ಸ್ಕ್ಯಾನ್ ಬೇಕಿಲ್ಲ. ಆ ಪಿಡಿಎಫ್ ತೆರೆದು ಚೆನ್ನಾಗಿ ಜೂಮ್ ಮಾಡಿ ನೋಡಿ. ಗೆರೆ ಎಷ್ಟು ದೊಡ್ಡದು ಮಾಡಿದರೂ ಚೂಪಾಗಿಯೇ ಉಳಿದರೆ ಅದು ಗೆರೆಯಾಗಿಯೇ ಉಳಿಸಿದ ಫೈಲ್. ಆಟೋಕ್ಯಾಡ್ 2017ರ ನಂತರದ ಆವೃತ್ತಿಗಳಲ್ಲಿ ನೇರವಾಗಿ ಇಂಪೋರ್ಟ್ ಆಗುತ್ತದೆ. ಚೌಕ ಚೌಕವಾಗಿ ಒಡೆದು ಕಂಡರೆ ಅದು ಫೋಟೋ, ಅಂದರೆ ಸ್ಕ್ಯಾನ್ ಮಾಡಿದ್ದೇ. ಇರುವ ಪಿಡಿಎಫ್ ಪ್ರಿಂಟ್ ತೆಗೆದು, ಆ ಪ್ರಿಂಟನ್ನು ಸ್ಕ್ಯಾನ್ ಮಾಡಿ, ಮತ್ತೆ ಗೆರೆ ಎಳೆಯುವವರನ್ನು ನೋಡಿದ್ದೇವೆ... ಮೂರು ಕಡೆ ತಪ್ಪು ಸೇರಿಸಿಕೊಂಡಂತೆ.

ಮೆಟ್ರು, ಲಿಂಕು, ಆಣೆ

ಗಡಿಭಾಗದವರು ಎಡವುವುದು ಇಲ್ಲೇ.

ಮದ್ರಾಸ್ ಪದ್ಧತಿಯ ಹಳೆಯ ನಕ್ಷೆಗಳಲ್ಲಿ ಅಳತೆ ಲಿಂಕ್‌ನಲ್ಲಿ ಇರುತ್ತದೆ. 66 ಅಡಿಯ ಗುಂಟರ್ ಸರಪಳಿಗೆ 100 ಲಿಂಕ್. ಒಂದು ಲಿಂಕ್ ಎಂದರೆ 7.92 ಇಂಚು, ಸುಮಾರು 20 ಸೆಂಟಿಮೀಟರ್. 1,000 ಚದರ ಲಿಂಕ್ ಒಂದು ಸೆಂಟ್, 1,00,000 ಚದರ ಲಿಂಕ್ ಒಂದು ಎಕರೆ. ಹೊಸ ನಕ್ಷೆಗಳಲ್ಲಿ ಮೀಟರ್ ಇರುತ್ತದೆ, ಪಟ್ಟಾದಲ್ಲಿ ಹೆಕ್ಟೇರ್ ಮತ್ತು ಆರ್ ಇರುತ್ತದೆ. ಒಂದು ಆರ್ ಎಂದರೆ 100 ಚದರ ಮೀಟರ್, ಅಂದರೆ 2.471 ಸೆಂಟ್.

ಕರ್ನಾಟಕದ ಟಿಪ್ಪಣಿಯಲ್ಲಿ ಸರಪಳಿ 33 ಅಡಿಯದು. ಅದಕ್ಕೆ 16 ಆಣೆ. 33 ಅಡಿಗೆ 33 ಅಡಿ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಒಂದು ಗುಂಟೆ ಎಂದರೆ ಎರಡೂವರೆ ಸೆಂಟ್.

ಈಗ ಟಿಪ್ಪಣಿಯಲ್ಲಿ "5 ಸರಪಳಿ 8 ಆಣೆ" ಎಂದಿದೆ ಎನ್ನಿ. ಐದೂವರೆ ಸರಪಳಿ, 181.5 ಅಡಿ, ಅಂದರೆ 55.32 ಮೀಟರ್. ನೀಲಗಿರಿ ನಕ್ಷೆಗಳಲ್ಲಿ ಪಳಗಿದ ಹುಡುಗ ಸರಪಳಿ ಎಂದರೆ 66 ಅಡಿ ಎಂದುಕೊಂಡು 363 ಅಡಿ ಎಳೆದುಬಿಟ್ಟರೆ? ಉದ್ದ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು. ಲಿಂಕ್‌ನ ಅಂಕಿಯನ್ನು ಮೀಟರ್ ಎಂದು ಹಾಕಿದರೆ ಇನ್ನೂ ತಮಾಷೆ, ಒಂದು ಎಕರೆ ಜಮೀನು ಕಂಪ್ಯೂಟರ್‌ನಲ್ಲಿ 24.7 ಎಕರೆ ಆಗುತ್ತದೆ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ ಬಿಡಿ. ನಾಲ್ಕು ಪಟ್ಟಿನದು ಕೆಲವೊಮ್ಮೆ ಬೀಳುವುದಿಲ್ಲ.

ಸ್ಕ್ಯಾನ್ ಮಾಡುವಾಗ

ಮೊಬೈಲ್‌ನಲ್ಲಿ ಫೋಟೋ ತೆಗೆದು ತರುವವರಿಗೆ ಒಂದು ಮಾತು. ಓದಿಕೊಳ್ಳಲು ಫೋಟೋ ಸಾಕು, ಅಳೆಯಲು ಸಾಲದು. ಮೊಬೈಲ್ ಸ್ವಲ್ಪ ವಾರೆಯಾಗಿ ಹಿಡಿದರೂ ಹತ್ತಿರದ ಅಂಚು ದೊಡ್ಡದು, ದೂರದ್ದು ಚಿಕ್ಕದು ಆಗುತ್ತದೆ. ಮಡಿಕೆ ಇರುವ ಕಾಗದ ಉಬ್ಬಿರುತ್ತದೆ, ಅದೂ ಸೇರುತ್ತದೆ. ಗಾಜಿನ ಮೇಲೆ ಇಟ್ಟು ಮುಚ್ಚುವ ಫ್ಲಾಟ್‌ಬೆಡ್ ಸ್ಕ್ಯಾನರ್ ಬೇಕು. ಹರುಕು ಕಾಗದವನ್ನು ಒಳಗೆ ಎಳೆದುಕೊಳ್ಳುವ ಮಷೀನಿಗೆ ಹಾಕಲೇಬೇಡಿ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸುವ ಅಭ್ಯಾಸ ಬಿಡಿ. ಕೆಲವು ವರ್ಷದಲ್ಲಿ ಅದೇ ಹಳದಿಯಾಗಿ ಅಂಕಿಯನ್ನು ನುಂಗುತ್ತದೆ.

ರೆಸಲ್ಯೂಶನ್ ಎಷ್ಟು? ಒಂದು ಲೆಕ್ಕ ನೋಡೋಣ. 300 ಡಿಪಿಐನಲ್ಲಿ ಒಂದು ಚುಕ್ಕಿ ಕಾಗದದ ಮೇಲೆ 0.085 ಮಿಲಿಮೀಟರ್. ನಕ್ಷೆಯ ಸ್ಕೇಲ್ 1:2000 ಆದರೆ ಆ ಒಂದು ಚುಕ್ಕಿ ಹೊಲದಲ್ಲಿ 17 ಸೆಂಟಿಮೀಟರ್. 600 ಡಿಪಿಐ ಮಾಡಿದರೆ ಎಂಟೂವರೆ ಸೆಂಟಿಮೀಟರ್. ಹಾಗಾದರೆ 1200 ಮಾಡಿದರೆ ಇನ್ನೂ ಒಳ್ಳೆಯದಲ್ಲವೇ ಎನ್ನಬೇಡಿ. ಪೆನ್ನಿನ ಗೆರೆಯೇ 0.3 ಮಿಲಿಮೀಟರ್ ದಪ್ಪ ಇದ್ದರೆ ಹೊಲದಲ್ಲಿ ಆ ಗೆರೆ 60 ಸೆಂಟಿಮೀಟರ್ ಅಗಲ, ಎರಡು ಅಡಿ. ಗೆರೆಯ ಯಾವ ಅಂಚು ನಿಮ್ಮದು, ಯಾವ ಅಂಚು ಪಕ್ಕದವರದು ಎಂದು ಯಾವ ಸ್ಕ್ಯಾನರ್ ಕೂಡ ಹೇಳುವುದಿಲ್ಲ. ಬೇಲಿ ವ್ಯಾಜ್ಯದಲ್ಲಿ ಎರಡು ಅಡಿ ಎಂದರೆ ಏನು ಎಂಬುದು ನಮ್ಮೂರಿನವರಿಗೆ ಹೇಳಬೇಕಿಲ್ಲ. ಸಾಮಾನ್ಯ ಎಫ್‌ಎಂಬಿಗೆ 300ರಿಂದ 400 ಸಾಕು. ಅಂಕಿ ತೀರಾ ಸಣ್ಣದಿದ್ದರೆ 600 ಮಾಡಿ, ಓದಲು ಅನುಕೂಲ.

ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಪ್ಪು-ಬಿಳುಪು ಆಯ್ಕೆ ಒತ್ತಿದರೆ ಯಾವುದು ಗೆರೆ, ಯಾವುದು ಕಲೆ ಎಂಬ ತೀರ್ಮಾನವನ್ನು ಸ್ಕ್ಯಾನರ್ ಕೈಗೇ ಕೊಟ್ಟಂತೆ, ಆಮೇಲೆ ತಿದ್ದಲು ಏನೂ ಉಳಿದಿರುವುದಿಲ್ಲ. ಫೈಲ್ ಟಿಫ್ ಅಥವಾ ಪಿಎನ್‌ಜಿ ಇರಲಿ. ಜೆಪೆಗ್ ಬೇಡ. ಅದು ಗೆರೆಯ ಸುತ್ತ ಧೂಳಿನಂಥ ಚುಕ್ಕಿ ಎಬ್ಬಿಸುತ್ತದೆ. ಕಾಗದದ ಪಕ್ಕ ಒಂದು ಸ್ಟೀಲ್ ಸ್ಕೇಲ್ ಇಟ್ಟು ಸ್ಕ್ಯಾನ್ ಮಾಡಿದರೆ ಸ್ಕ್ಯಾನರ್ ಎಷ್ಟು ಸರಿಯಿದೆ ಎಂದು ಮುಂದೆ ಪರೀಕ್ಷಿಸಬಹುದು. ಕಾಗದ ದೊಡ್ಡದಿದ್ದರೆ ಎರಡು ತುಂಡಾಗಿ ಸ್ಕ್ಯಾನ್ ಮಾಡಿ, ನಡುವೆ ಮೂರು ಬೆರಳಿನಷ್ಟು ಭಾಗ ಎರಡರಲ್ಲೂ ಬರಲಿ. ಕೂಡಿಸುವಾಗ ಅದು ಬೇಕು.

ಮೂಲ ಸ್ಕ್ಯಾನ್ ಫೈಲನ್ನು ಹಾಗೇ ಒಂದು ಸಿಡಿಯಲ್ಲೋ ಪೆನ್ ಡ್ರೈವ್‌ನಲ್ಲೋ ಇಟ್ಟು, ಕಾಪಿಯ ಮೇಲೆ ಮಾತ್ರ ಕೆಲಸ ಮಾಡಬೇಕು.

ಕಲೆ ತೆಗೆಯುವುದು

ಇದಕ್ಕೆ ಜಿಂಪ್ ಎಂಬ ಉಚಿತ ಸಾಫ್ಟ್‌ವೇರ್ ಧಾರಾಳ ಸಾಕು.

ಹಳದಿ, ಕಂದು ಬಣ್ಣದ ಕಲೆಗೆ ಒಂದು ಸುಲಭ ಉಪಾಯ ಇದೆ. ಬಣ್ಣದ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಪದರ ಇರುತ್ತವೆ. ಕೆಂಪು ಪದರ ಮಾತ್ರ ತೆಗೆದು ನೋಡಿದರೆ ಚಹಾ ಕಲೆ, ಕಾಗದದ ಹಳದಿ ಬಹುಪಾಲು ಮಾಯವಾಗುತ್ತದೆ, ಕಪ್ಪು ಶಾಯಿ ಮಾತ್ರ ನಿಲ್ಲುತ್ತದೆ. ಆದರೆ ಎಚ್ಚರ. ಕೆಂಪು ಶಾಯಿಯಲ್ಲಿ ಬರೆದದ್ದೂ ಅದರ ಜೊತೆಗೇ ಮಾಯವಾಗುತ್ತದೆ. ಹಳೆಯ ನಕ್ಷೆಗಳಲ್ಲಿ ಆಮೇಲೆ ಸೇರಿಸಿದ ಗೆರೆಗಳು, ತಿದ್ದುಪಡಿಗಳು ಕೆಂಪಿನಲ್ಲಿ ಇದ್ದರೆ ನಿಮ್ಮ ಅಪ್ಪನಿಗೂ ಚಿಕ್ಕಪ್ಪನಿಗೂ ಪಾಲಾದ ಗೆರೆಯೇ ಹೋಯಿತು ಎಂದು ತಿಳಿಯಿರಿ. ಕೆಂಪು ಶಾಯಿ ಇರುವ ನಕ್ಷೆಗೆ ಹಸಿರು ಪದರ ಬಳಸಿ. ಕಲೆ ಸ್ವಲ್ಪ ಉಳಿಯುತ್ತದೆ, ಉಳಿಯಲಿ.

ನೀಲಿ ಕಾಗದದ ಮೇಲೆ ಬಿಳಿ ಗೆರೆಯ ಬ್ಲೂಪ್ರಿಂಟ್ ಆದರೆ ಮೊದಲು ಇನ್ವರ್ಟ್ ಮಾಡಬೇಕು.

ಆಮೇಲೆ ಥ್ರೆಶೋಲ್ಡ್. ಇಷ್ಟಕ್ಕಿಂತ ಕಪ್ಪಾದದ್ದು ಗೆರೆ, ಉಳಿದದ್ದು ಬಿಳಿ ಎಂದು ಗೀಟು ಹಾಕುವುದು. ಇಡೀ ಹಾಳೆಗೆ ಒಂದೇ ಗೀಟು ಹಾಕಿದರೆ ಮಾಸಿದ ಮೂಲೆಯ ಗೆರೆ ಹೋಗುತ್ತದೆ, ಕಪ್ಪಾದ ಮೂಲೆಯಲ್ಲಿ ಅಕ್ಷರ ಮುದ್ದೆಯಾಗುತ್ತದೆ. ಭಾಗ ಭಾಗವಾಗಿ ಆಯ್ದು ಮಾಡುವುದೇ ಸರಿ. ಸಮಯ ಹಿಡಿಯುತ್ತದೆ.

ಅಕ್ಷರ ಮುದ್ದೆಯಾದರೆ ಕನ್ನಡ ಅಂಕಿಗೆ ವಿಶೇಷ ಗಂಡಾಂತರ. ಹಳೇ ಟಿಪ್ಪಣಿಗಳಲ್ಲಿ ಅಂಕಿ ಕನ್ನಡದಲ್ಲೇ ಇರುತ್ತವೆ. ೧ಕ್ಕೆ ಇರುವ ಸಣ್ಣ ಬಾಯಿ ಮುಚ್ಚಿಕೊಂಡರೆ ಅದು ೦. ೬ ಮತ್ತು ೯ ಒಂದರಂತೆ ಇನ್ನೊಂದು. ಥ್ರೆಶೋಲ್ಡ್ ಮಾಡಿದ ಚಿತ್ರದಲ್ಲಿ ಅಂಕಿ ಓದಲೇಬೇಡಿ. ಬಣ್ಣದ ಮೂಲ ಸ್ಕ್ಯಾನ್ ದೊಡ್ಡದು ಮಾಡಿ ಓದಿ, ಸಾಧ್ಯವಾದರೆ ಕಾಗದವನ್ನೇ ಬೆಳಕಿಗೆ ಹಿಡಿದು ಓದಿ, ಕೈಯಲ್ಲಿ ಒಂದು ಪಟ್ಟಿ ಮಾಡಿಕೊಳ್ಳಿ. ಮನೆಯ ಹಿರಿಯರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಹಳೆಯ ಬರಹ ಅವರಿಗೆ ರೂಢಿ.

ಇನ್ನು ಡೆಸ್ಪೆಕಲ್. ಸಣ್ಣ ಚುಕ್ಕಿಗಳನ್ನು ಒಂದೇ ಏಟಿಗೆ ಗುಡಿಸಿ ಹಾಕುವ ಆಯ್ಕೆ. ಈ ಲೇಖಕನೂ ಶುರುವಿನಲ್ಲಿ ಇದನ್ನು ಒತ್ತಿ ಖುಷಿಪಟ್ಟವನೇ. ಹಾಳೆ ಹಾಲಿನಂತೆ ಬೆಳ್ಳಗಾಯಿತು. ಅಂಕಿಗಳ ನಡುವಿನ ದಶಮಾಂಶ ಚುಕ್ಕಿಗಳೂ ಹೋಗಿದ್ದವು! 18.6 ಇದ್ದದ್ದು 186. ಚುಕ್ಕಿ ಚುಕ್ಕಿ ಗೆರೆಯಾಗಿ ಬರೆದಿದ್ದ ಕಾಲುದಾರಿ ಇಡೀ ಅಳಿಸಿಹೋಗಿತ್ತು. ದಾರಿ ಹಕ್ಕಿನ ವಿಷಯದಲ್ಲೇ ಆ ಮನೆಯವರು ನಕ್ಷೆ ತಂದಿದ್ದರು. ಮೂಲ ಸ್ಕ್ಯಾನ್ ಇಟ್ಟುಕೊಂಡಿದ್ದರಿಂದ ಬಚಾವ್. ಅಂದಿನಿಂದ ಚುಕ್ಕಿಗಳನ್ನು ರಬ್ಬರ್ ಟೂಲ್ ಹಿಡಿದು ಕೈಯಲ್ಲೇ ಅಳಿಸುವುದು, ಅದೂ ಅಂಕಿ ಮತ್ತು ಗಡಿಯಿಂದ ದೂರ ಇರುವುದನ್ನು ಮಾತ್ರ.

ತಾನಾಗಿಯೇ ಗೆರೆ ಮಾಡುವ ಸಾಫ್ಟ್‌ವೇರ್ ಬೇಕೇ?

ಸ್ಕ್ಯಾನ್ ಮಾಡಿದ್ದು ಬರೀ ಚುಕ್ಕಿಗಳ ರಾಶಿ, ಅದಕ್ಕೆ ರಾಸ್ಟರ್ ಎನ್ನುತ್ತಾರೆ. ಕ್ಯಾಡ್‌ಗೆ ಬೇಕಾದ್ದು ಇಲ್ಲಿಂದ ಇಲ್ಲಿಗೆ ಎಂದು ಲೆಕ್ಕ ಇರುವ ಗೆರೆ, ಅದು ವೆಕ್ಟರ್. ಒಂದನ್ನು ಇನ್ನೊಂದು ಮಾಡಿಕೊಡುವ ಸಾಫ್ಟ್‌ವೇರ್‌ಗಳು ಹಲವು ಇವೆ. ವಿನ್‌ಟೋಪೋ, ಸ್ಕ್ಯಾನ್2ಕ್ಯಾಡ್, ಆಟೋಡೆಸ್ಕ್‌ನವರದೇ ರಾಸ್ಟರ್ ಡಿಸೈನ್. ಇಂಕ್‌ಸ್ಕೇಪ್‌ನಲ್ಲಿ ಉಚಿತವಾಗಿಯೂ ಆಗುತ್ತದೆ, ಆದರೆ ಅದರ ಸಾಮಾನ್ಯ ಟ್ರೇಸ್ ಗೆರೆಯ ಎರಡೂ ಅಂಚಿಗೆ ಎರಡು ಗೆರೆ ಹಾಕುತ್ತದೆ. ನಮಗೆ ಬೇಕಾದ್ದು ನಡುಗೆರೆ. ಹೊಸ ಆವೃತ್ತಿಗಳಲ್ಲಿ ಸೆಂಟರ್‌ಲೈನ್ ಎಂಬ ಆಯ್ಕೆ ಇದೆ, ಅದನ್ನು ಬಳಸಿ.

ಎಸ್ಟೇಟ್‌ನ ರಸ್ತೆ, ಹಳ್ಳ, ಎತ್ತರದ ಗೆರೆ ಇಂಥ ಬಾಗು ಬಳುಕಿನ ಗೆರೆಗಳಿಗೆ ಇದು ಸರಿ. ಹೊಲದ ಗಡಿಗೆ ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಮಡಿಕೆಯ ಸಾಲು ಕೂಡ ಅದಕ್ಕೆ ಗೆರೆಯೇ. ಅಂಕಿ 7 ಅದಕ್ಕೆ ಎರಡು ಗೆರೆ. ಒಂದು ನೇರ ಗಡಿ ಹದಿನೈದು ತುಂಡಾಗಿ ಬರುತ್ತದೆ, ಅವನ್ನು ಜೋಡಿಸುವಷ್ಟರಲ್ಲಿ ಹೊಸದಾಗಿಯೇ ಬರೆಯಬಹುದು.

ಅಳತೆ ಅಂಕಿಯಿಂದ ಬರೆಯುವುದು

ಎಫ್‌ಎಂಬಿಯಲ್ಲಿ ಗೆರೆಗಿಂತ ಅಂಕಿ ದೊಡ್ಡದು. ಸರ್ವೇಯರ್ ಹೊಲದಲ್ಲಿ ಅಳೆದು ಬರೆದದ್ದು ಅಂಕಿ. ಗೆರೆ ಆಮೇಲೆ ಕಚೇರಿಯಲ್ಲಿ ಎಳೆದದ್ದು. ಕಾಗದ ನೂರಕ್ಕೆ ಒಂದರಷ್ಟು ಹಿಗ್ಗಿದ್ದರೂ 100 ಮೀಟರ್ ಗಡಿಯಲ್ಲಿ ಒಂದು ಮೀಟರ್ ಹೆಚ್ಚಾಯಿತು, ಒಂದು ಎಕರೆಯಲ್ಲಿ ಎರಡು ಸೆಂಟ್. ಊಟಿಯ ಮಳೆಗಾಲದ ತೇವ ಕಂಡವರಿಗೆ ಕಾಗದ ಹೇಗೆ ಹಿಗ್ಗುತ್ತದೆ ಎಂದು ಗೊತ್ತು. ಅಂಕಿ ಹಿಗ್ಗುವುದಿಲ್ಲ.

ಬರೆಯುವ ರೀತಿ ಹೀಗೆ. ಹೊಲದ ಒಂದು ಕಲ್ಲಿನಿಂದ ಎದುರು ಕಲ್ಲಿಗೆ ಒಂದು ಆಧಾರ ಗೆರೆ ಇರುತ್ತದೆ. ಅದರ ಮೇಲೆ ಇಷ್ಟು ದೂರ ಹೋಗಿ, ಎಡಕ್ಕೋ ಬಲಕ್ಕೋ ಲಂಬವಾಗಿ ಇಷ್ಟು ದೂರದಲ್ಲಿ ಗಡಿ ಮೂಲೆ ಎಂದು ಗುರುತು ಹಾಕಿರುತ್ತಾರೆ. ಆ ಲಂಬ ಅಳತೆಗೆ ಆಫ್‌ಸೆಟ್ ಎನ್ನುತ್ತಾರೆ. ಅಳತೆಗಳನ್ನು ಏಣಿಯಂತೆ ಬರೆದಿರುವುದರಿಂದ ಅದಕ್ಕೆ ಲ್ಯಾಡರ್ ಎಂದೇ ಹೆಸರು.

ಒಂದು ಕಲ್ಪಿತ ಹೊಲ ತೆಗೆದುಕೊಳ್ಳೋಣ. ಆಧಾರ ಗೆರೆ 100 ಮೀಟರ್. 20 ಮೀಟರ್‌ನಲ್ಲಿ ಎಡಕ್ಕೆ 15. 60ರಲ್ಲಿ ಎಡಕ್ಕೆ 25. 45ರಲ್ಲಿ ಬಲಕ್ಕೆ 22. ಕ್ಯಾಡ್‌ನಲ್ಲಿ ಪಾಲಿಲೈನ್ ಆಜ್ಞೆ ಕೊಟ್ಟು 0,0 ಆಮೇಲೆ 20,15 ಆಮೇಲೆ 60,25 ಆಮೇಲೆ 100,0 ಆಮೇಲೆ 45,-22 ಎಂದು ಟೈಪ್ ಮಾಡಿ ಮುಚ್ಚಿದರೆ ಹೊಲ ತಯಾರು. ಏರಿಯಾ ಕೇಳಿದರೆ 2,550 ಚದರ ಮೀಟರ್ ಎನ್ನುತ್ತದೆ. 25.50 ಆರ್, ಅಂದರೆ 63 ಸೆಂಟ್, ಗುಂಟೆ ಲೆಕ್ಕದಲ್ಲಿ 25.2. ಪಟ್ಟಾದಲ್ಲಿ 0.25.50 ಎಂದು ಇದ್ದರೆ ಸರಿಹೋಯಿತು.

ಇದಕ್ಕೆ ಕಂಪ್ಯೂಟರ್ ಇಲ್ಲದೆಯೂ ಲೆಕ್ಕ ಹಾಕಬಹುದು. ಎಡಬದಿಯಲ್ಲಿ ಮೊದಲ ತ್ರಿಕೋನ 150, ನಡುವಿನದು 800, ಕೊನೆಯ ತ್ರಿಕೋನ 500, ಒಟ್ಟು 1,450. ಬಲಬದಿ 1,100. ಎಸ್‌ಎಸ್‌ಎಲ್‌ಸಿ ಗಣಿತ ಅಷ್ಟೇ. ಮಕ್ಕಳ ಕೈಲಿ ಹಾಕಿಸಿ ನೋಡಿ.

ವಿಸ್ತೀರ್ಣ ಸರಿಬಂದ ಮಾತ್ರಕ್ಕೆ ನಂಬಬೇಡಿ, ಎರಡು ತಪ್ಪು ಒಂದನ್ನೊಂದು ಸರಿದೂಗಿಸಬಹುದು. ಮೂಲೆಯಿಂದ ಮೂಲೆಗೆ ಗಡಿಯ ಉದ್ದ ಕಾಗದದಲ್ಲಿ ಬರೆದಿದ್ದರೆ ಅದನ್ನೂ ತಾಳೆ ನೋಡಬೇಕು. ಮೇಲಿನ ಹೊಲದಲ್ಲಿ ಎರಡನೇ ಮೂಲೆಯಿಂದ ಮೂರನೇ ಮೂಲೆಗೆ 41.2 ಮೀಟರ್ ಬರಬೇಕು. 60 ಎಂಬ ಅಂಕಿ ಮಸುಕಾಗಿ 50 ಎಂದು ಓದಿದ್ದರೆ ಕ್ಯಾಡ್ 31.6 ತೋರಿಸುತ್ತದೆ. ಹತ್ತು ಮೀಟರ್ ವ್ಯತ್ಯಾಸ, ತಕ್ಷಣ ಸಿಕ್ಕಿಬೀಳುತ್ತದೆ. ಇಂಥ ತಾಳೆ ಅಳತೆಗಳು ಕಾಗದದಲ್ಲಿ ಎಷ್ಟಿವೆಯೋ ಅಷ್ಟನ್ನೂ ನೋಡಿ, ತಾಳೆ ಆಗದ ಕಡೆ ಮತ್ತೆ ಮೂಲ ಸ್ಕ್ಯಾನ್‌ಗೆ ಹೋಗಿ.

ಸ್ಕ್ಯಾನ್ ಚಿತ್ರವನ್ನು ಹಿಂದೆ ಇಟ್ಟು ನೋಡುವುದು

ಹಾಗಾದರೆ ಇಷ್ಟು ಕಷ್ಟಪಟ್ಟು ಸ್ಕ್ಯಾನ್ ಯಾಕೆ ಮಾಡಿದ್ದು? ಬರೆದ ಗೆರೆಯ ಹಿಂದೆ ಇಟ್ಟು ಪರೀಕ್ಷಿಸಲು. ಅಳತೆ ಕೊಡದ ಬಾವಿ, ಹಳ್ಳ, ಬಂಡೆ, ದಾರಿ ಇವನ್ನು ಅದರ ಮೇಲಿಂದಲೇ ಎಳೆದುಕೊಳ್ಳಬೇಕು.

ಆಟೋಕ್ಯಾಡ್‌ನಲ್ಲಿ ಇಮೇಜ್ ಅಟ್ಯಾಚ್ ಮಾಡಿ, ಅಲೈನ್ ಆಜ್ಞೆಯಿಂದ ಚಿತ್ರದ ಎರಡು ಕಲ್ಲುಗಳನ್ನು ಬರೆದ ಗೆರೆಯ ಎರಡು ಕಲ್ಲುಗಳಿಗೆ ಕೂಡಿಸಿ, ಸ್ಕೇಲ್ ಮಾಡಬೇಕೇ ಎಂದು ಕೇಳಿದಾಗ ಹೌದು ಎನ್ನಿ. ಆದಷ್ಟು ದೂರ ದೂರದ ಕಲ್ಲುಗಳನ್ನು ಆರಿಸಬೇಕು. ಪಕ್ಕಪಕ್ಕದ ಕಲ್ಲು ಹಿಡಿದರೆ ಇಲ್ಲಿನ ಕೂದಲೆಳೆ ತಪ್ಪು ಆ ತುದಿಯಲ್ಲಿ ಗೇಣುದ್ದ ಆಗುತ್ತದೆ. ಚಿತ್ರದ ಲೇಯರ್ ಬೇರೆ ಇರಲಿ, ಬಣ್ಣ ತಿಳಿ ಮಾಡಿ, ಲಾಕ್ ಮಾಡಿ.

ಎರಡು ಕಲ್ಲು ಕೂಡಿದ ಮೇಲೆ ಮೂರನೆಯದು ಕೂಡದಿದ್ದರೆ? ಕಾಗದ ಒಂದು ದಿಕ್ಕಿಗೆ ಮಾತ್ರ ಹಿಗ್ಗಿದೆ ಎಂದರ್ಥ, ಅಥವಾ ಒಂದು ಅಂಕಿ ತಪ್ಪು ಓದಿದ್ದೀರಿ. ಎಲ್ಲಾ ಕಲ್ಲುಗಳೂ ಸ್ವಲ್ಪ ಸ್ವಲ್ಪ ಸರಿದಿದ್ದರೆ ಕಾಗದದ ತಪ್ಪು. ಒಂದೇ ಕಲ್ಲು ದೂರ ಹೋಗಿದ್ದರೆ ಅಂಕಿಯ ತಪ್ಪು. ಕಾಗದದ ತಪ್ಪಿಗೆ ಕ್ಯುಜಿಐಎಸ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಜಿಯೋರೆಫರೆನ್ಸರ್ ಇದೆ. ನಾಲ್ಕಾರು ಕಲ್ಲು ಕೊಟ್ಟರೆ ಚಿತ್ರವನ್ನೇ ಎಳೆದು ಕೂಡಿಸುತ್ತದೆ, ಯಾವ ಕಲ್ಲು ಎಷ್ಟು ತಪ್ಪಿದೆ ಎಂದೂ ಹೇಳುತ್ತದೆ. ಮೂರು ಕಲ್ಲು ಕೊಟ್ಟರೆ ತಪ್ಪು ಸೊನ್ನೆ ಎಂದೇ ತೋರಿಸುತ್ತದೆ, ಅದನ್ನು ನಂಬಿ ಮೋಸಹೋಗಬೇಡಿ, ನಾಲ್ಕನೆಯದು ಇದ್ದರೆ ಮಾತ್ರ ಪರೀಕ್ಷೆ.

ಆಟೋಕ್ಯಾಡ್ ದುಬಾರಿ. ಕದ್ದ ಕಾಪಿ ಹಾಕಿಕೊಂಡು ವೈರಸ್ ಹಚ್ಚಿಕೊಳ್ಳುವ ಬದಲು ಲಿಬ್ರೆಕ್ಯಾಡ್ ಉಚಿತವಾಗಿ ಸಿಗುತ್ತದೆ, ಹೊಲದ ನಕ್ಷೆಗೆ ಅಷ್ಟು ಸಾಕು. ಫೈಲ್ ಅನ್ನು ಡಿಎಕ್ಸ್‌ಎಫ್ ರೂಪದಲ್ಲಿ ಉಳಿಸಿದರೆ ಯಾರ ಕಂಪ್ಯೂಟರ್‌ನಲ್ಲಾದರೂ ತೆರೆಯುತ್ತದೆ. ಕ್ಯಾಡ್ ಫೈಲ್ ಒಳಗೆ ಚಿತ್ರ ಇರುವುದಿಲ್ಲ, ಚಿತ್ರ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಇಂಜಿನಿಯರ್‌ಗೆ ಇಮೇಲ್ ಮಾಡುವಾಗ ಎರಡೂ ಕಳಿಸಿ, ಇಲ್ಲದಿದ್ದರೆ ಅಲ್ಲಿ ಖಾಲಿ ಚೌಕ ಕಾಣುತ್ತದೆ.

ಕನ್ನಡದಲ್ಲಿ ಹೆಸರು ಬರೆಯುವುದಾದರೆ ಯುನಿಕೋಡ್ ಫಾಂಟ್ ಬಳಸಿ. ನುಡಿ, ಬರಹದ ಹಳೆಯ ಫಾಂಟ್‌ನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಗೀಚಿನಂತೆ ಕಾಣುತ್ತದೆ. ಕೆಲವು ಹಳೆಯ ಕ್ಯಾಡ್‌ಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತದೆ. ಗಡಿಭಾಗದಲ್ಲಿ ಹೆಸರನ್ನು ತಮಿಳು, ಕನ್ನಡ, ಇಂಗ್ಲಿಷ್ ಮೂರರಲ್ಲಿ ಮೂರು ತರಹ ಬರೆದಿರುತ್ತಾರೆ. ಪಟ್ಟಾದಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ನಿಮಗೆ ಸರಿ ಕಂಡಂತೆ ತಿದ್ದಬೇಡಿ.

ಮೊಬೈಲ್ ಜಿಪಿಎಸ್, ಉಪಗ್ರಹ ಚಿತ್ರದ ಮಾತು

ನಕ್ಷೆ ಕಂಪ್ಯೂಟರ್‌ಗೆ ಬಂದ ಕೂಡಲೇ ಅದನ್ನು ಉಪಗ್ರಹ ಚಿತ್ರದ ಮೇಲೆ ಹೊದಿಸಿ ನೋಡುವ ಆಸೆ ಎಲ್ಲರಿಗೂ. ನೋಡಬಹುದು. ನೀಲಗಿರಿ ಯುಟಿಎಂ 43 ಉತ್ತರ ವಲಯದಲ್ಲಿದೆ, ಕ್ಯುಜಿಐಎಸ್‌ನಲ್ಲಿ 32643 ಎಂಬ ಸಂಖ್ಯೆ ಆರಿಸಿ. ಆದರೆ ಸಾಮಾನ್ಯ ಮೊಬೈಲ್‌ನ ಜಿಪಿಎಸ್ ಬಯಲಿನಲ್ಲೇ ಹಲವು ಮೀಟರ್ ಅತ್ತಿತ್ತ ತೋರಿಸುತ್ತದೆ, ಸಿಲ್ವರ್ ಓಕ್ ಮರಗಳ ಕೆಳಗೆ ಇನ್ನೂ ಹೆಚ್ಚು. ಪಕ್ಕದ ಮನೆಯವರ ಮುಂದೆ ಮೊಬೈಲ್ ಹಿಡಿದು "ನೋಡಿ, ಬೇಲಿ ನಮ್ಮ ಕಡೆ ಬಂದಿದೆ" ಎಂದು ಜಗಳ ತೆಗೆಯುವಷ್ಟು ನಂಬಿಕೆ ಅದಕ್ಕೆ ಸಲ್ಲದು. ಕರ್ನಾಟಕದ ದಿಶಾಂಕ್ ಆ್ಯಪ್ ಕೂಡ ಯಾವ ಸರ್ವೆ ನಂಬರ್‌ನಲ್ಲಿ ನಿಂತಿದ್ದೇವೆ ಎಂದು ತಿಳಿಯಲು, ಬಾಂದು ಕಲ್ಲು ಹುಡುಕಲು ಅಲ್ಲ.

ಸಿಗೂರು ಪ್ರಸ್ಥಭೂಮಿಯ ಆನೆ ಕಾರಿಡಾರ್ ವಿಷಯದಲ್ಲಿ ಮಸಿನಗುಡಿ, ಬೊಕ್ಕಾಪುರ, ವಾಳೈತೋಟ್ಟಂ ಕಡೆಯವರು ನಕ್ಷೆಯ ಗೆರೆಗಳ ಬಿಸಿ ಅನುಭವಿಸಿದ್ದಾರೆ. ಸರ್ಕಾರದ ಅಧಿಸೂಚನೆ 2010ರಲ್ಲಿ ಬಂತು, ಮದ್ರಾಸ್ ಹೈಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 14ರಂದು ಅದನ್ನೇ ಖಾಯಂ ಮಾಡಿ, ಆಕ್ಷೇಪಣೆ ಕೇಳಲು ಸಮಿತಿ ನೇಮಿಸಿತು. ಇಂಥ ಕಡೆ ದಪ್ಪ ಗೆರೆಯ ಸಣ್ಣ ನಕ್ಷೆಯ ಮೇಲೆ ತಮ್ಮ ಹೊಲ ಒಳಗೋ ಹೊರಗೋ ಎಂದು ಹುಡುಕಬೇಡಿ. ಇಡೀ ಪ್ರದೇಶ ಒಂದು ಹಾಳೆಗೆ ಬಂದಾಗ ಒಂದು ಗೆರೆಯ ಅಗಲಕ್ಕೆ ಎರಡು ಮೂರು ಹೊಲ ಮುಚ್ಚಿಹೋಗಬಹುದು. ಸರ್ವೆ ನಂಬರ್ ಮತ್ತು ಉಪವಿಭಾಗದ ನಂಬರ್ ಹಿಡಿದು ಪಟ್ಟಿಯಲ್ಲೇ ನೋಡಬೇಕು.

ತಿದ್ದುವುದಕ್ಕೂ ತಿರುಚುವುದಕ್ಕೂ ವ್ಯತ್ಯಾಸ

ಇದನ್ನು ಹೇಳದೆ ಮುಗಿಸುವಂತಿಲ್ಲ. ಕಂಪ್ಯೂಟರ್‌ನಲ್ಲಿ ಬರೆದ ನಕ್ಷೆ ಎಷ್ಟೇ ಚೆಂದ ಇದ್ದರೂ ಅದು ನಿಮ್ಮ ಅನುಕೂಲಕ್ಕೆ ಮಾಡಿಕೊಂಡ ಪ್ರತಿ. ದಾಖಲೆ ಎಂದರೆ ಇಲಾಖೆಯಲ್ಲಿ ಇರುವುದು. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಸಹಿ, ಸೀಲು ಹಾಗೇ ಉಳಿಸಿಕೊಂಡು ಒಳಗಿನ ಗೆರೆ ಸರಿಸಿ ಪ್ರಿಂಟ್ ತೆಗೆದರೆ ಅದು ಫೋರ್ಜರಿ, ಜೈಲಿಗೆ ಹೋಗುವ ಕೆಲಸ. ಮಾಡಿಸಿದವರೂ, ಮಾಡಿಕೊಟ್ಟ ಸೆಂಟರ್‌ನವರೂ ಇಬ್ಬರೂ ಸಿಕ್ಕಿಕೊಳ್ಳುತ್ತಾರೆ. ಹೊಸದಾಗಿ ಬರೆದ ನಕ್ಷೆಯಲ್ಲಿ ಸೀಲು, ಸಹಿ ಯಾವುದನ್ನೂ ತರಬೇಡಿ. ಕೆಳಗೆ "ಇಂಥ ದಾಖಲೆಯ ಅಳತೆಯಿಂದ ಬರೆದದ್ದು, ಮಾಹಿತಿಗಾಗಿ ಮಾತ್ರ" ಎಂದು ಬರೆದು ತಾರೀಕು ಹಾಕಿ.

ಓದಲಾಗದ ಅಂಕಿಯನ್ನು ಊಹೆಯಿಂದ ತುಂಬಬೇಡಿ. ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಬಣ್ಣ ಬದಲಿಸಿ. ಮೂಲ ದಾಖಲೆಯಲ್ಲೇ ತಪ್ಪಿದೆ ಎಂದು ಕಂಡರೆ ಕ್ಯಾಡ್‌ನಲ್ಲಿ ಸರಿಮಾಡಿ ಪ್ರಯೋಜನ ಇಲ್ಲ. ಈ ಕಡೆಯಾದರೆ ತಾಲೂಕು ಕಚೇರಿಯ ಸರ್ವೆ ವಿಭಾಗಕ್ಕೆ, ಆ ಕಡೆಯಾದರೆ ಭೂಮಾಪನ ಇಲಾಖೆಗೆ ಅರ್ಜಿ ಕೊಟ್ಟು, ಸರ್ವೇಯರ್ ಬಂದು ಅಕ್ಕಪಕ್ಕದವರ ಎದುರು ಅಳೆಯಬೇಕು.

ಪ್ರಿಂಟ್ ತೆಗೆಯುವಾಗ

ಇಷ್ಟೆಲ್ಲಾ ಮಾಡಿ ಕೊನೆಗೆ "ಫಿಟ್ ಟು ಪೇಜ್" ಒತ್ತಿದರೆ ಸ್ಕೇಲ್ ಹಾಳು. ಪ್ರಿಂಟ್ ಸ್ಕೇಲ್ 1:1000 ಅಥವಾ 1:500 ಎಂದು ನೀವೇ ಕೊಡಿ. ನಕ್ಷೆಯ ಮೂಲೆಯಲ್ಲಿ 10 ಸೆಂಟಿಮೀಟರ್ ಉದ್ದದ ಅಳತೆಪಟ್ಟಿ ಬರೆದಿಡಿ. ಪ್ರಿಂಟ್ ಕೈಗೆ ಬಂದ ಮೇಲೆ ಶಾಲೆಯ ಸ್ಕೇಲ್ ಇಟ್ಟು ಅಳೆಯಿರಿ. 10 ಬಂದರೆ ಸರಿ. 9.7 ಬಂದರೆ ಪ್ರಿಂಟರ್ ತಾನಾಗಿ ಕುಗ್ಗಿಸಿದೆ, ಸೆಟ್ಟಿಂಗ್ ಬದಲಿಸಿ ಮತ್ತೆ ತೆಗೆಯಿರಿ. ಜೆರಾಕ್ಸ್ ಮಾಡಿಸಿದಾಗಲೂ ಇದೇ ಪಟ್ಟಿ ಉಪಯೋಗಕ್ಕೆ ಬರುತ್ತದೆ.

ಸರ್ವೇಯರ್ ಬರುವ ದಿನ ಪ್ರಿಂಟ್ ಜೊತೆಗೆ ಮೂಲ ಕಾಗದ, ಕೈಯಲ್ಲಿ ಬರೆದ ಅಳತೆ ಪಟ್ಟಿ, ಪಟ್ಟಾ ಅಥವಾ ಪಹಣಿಯ ಇತ್ತೀಚಿನ ಪ್ರತಿ ಇರಲಿ. ಹಿಂದಿನ ದಿನವೇ ಹೊಲಕ್ಕೆ ಹೋಗಿ ಲಂಟಾನ ಪೊದೆ ಕಡಿದು ಎರಡು ಕಲ್ಲಾದರೂ ಕಾಣುವಂತೆ ಮಾಡಿಡಿ. ಆನೆ ಓಡಾಡುವ ಜಾಗವಾದರೆ ಬೆಳಗ್ಗೆ ಬಿಸಿಲು ಬಂದ ಮೇಲೆ, ಇಬ್ಬರು ಮೂವರು ಸೇರಿ ಹೋಗಿ.